ಹುತ್ತದ ಅಣಬೆಗೆ ಹರ್ಬೇರಿಯಂ ಚೀಟಿ

ಪ್ರಶ್ನೆ: ತೋಟದ ಹುತ್ತದ ಬಳಿ ಏಳುವ ಅಣಬೆಯನ್ನು ಹರ್ಬೇರಿಯಂಗೆ (ಒಣಗಿಸಿದ ಸಸ್ಯ, ಅಣಬೆಗಳ ಮಾದರಿ ಕಾಯ್ದಿಡುವ ಸಂಗ್ರಹಾಲಯ) ಕೊಡುವ ಆಸೆ. ಒಣಗಿಸಿದರೆ ಕಪ್ಪಾಗಿ ಮುದುಡುತ್ತದೆ. ಚೀಟಿಯಲ್ಲಿ ಏನು ಬರೆಯಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಮುದುಡುವುದು ಸಹಜ, ಹಾಗಾಗಿ ಒಣಗುವ ಮುನ್ನವೇ ಬರೆದುಕೊಳ್ಳಿ. ಟೋಪಿಯ ಅಗಲ, ಬಣ್ಣ, ನಡುವಿನ ಮೊನೆ, ವಾಸನೆ ಎಲ್ಲವೂ ಒಣಗಿದ ಮೇಲೆ ಹೋಗುತ್ತವೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಕೀಳಬೇಡಿ, ಅಗೆಯಿರಿ: ಹುತ್ತದ ಅಣಬೆಗಳ ಕುಲವಾದ ಟರ್ಮಿಟೊಮೈಸಿಸ್‌ನ ಹೆಚ್ಚಿನ ಜಾತಿಗಳ ಗುರುತೇ ಗೆದ್ದಲಿನ ಗೂಡಿನವರೆಗೆ ಇಳಿಯುವ ಬೇರಿನಂಥ ಬುಡ. ಅದು ತುಂಡಾದರೆ ಮಾದರಿಯ ಅರ್ಧ ಬೆಲೆ ಹೋಯಿತು.

ಪ್ಲಾಸ್ಟಿಕ್ ಬೇಡ, ಬೆವತು ಕೊಳೆಯುತ್ತದೆ. ಕಾಗದದ ಚೀಲ ಸಾಕು. ಒಂದು ಟೋಪಿಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಟೋಪಿಯಿಂದ ಉದುರುವ ಬೀಜಕಗಳ (ಬೀಜದಂಥ ಸಣ್ಣ ಪುಡಿ) ಅಚ್ಚು ತಿಳಿಗುಲಾಬಿ ಬೀಳಬೇಕು.

ಉಳಿದವನ್ನು ಉದ್ದಕ್ಕೆ ಸೀಳಿ 40–45 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ, ಮುರಿದರೆ ಪಟ್ಟೆನ್ನುವಷ್ಟು ಒಣಗಿಸಿ. ಕಪ್ಪಾಗುತ್ತಿದ್ದರೆ ಶಾಖ ಹೆಚ್ಚಿ ಬೆಂದಿರಬಹುದು, ಇಲ್ಲವೇ ಗಾಳಿ ಸಾಲದೆ ಕೊಳೆತಿರಬಹುದು.

ಚೀಟಿಯಲ್ಲಿ ದಿನಾಂಕ, ಊರು, ತಾಲ್ಲೂಕು, ಅಕ್ಷಾಂಶ–ರೇಖಾಂಶ, ಎತ್ತರ, ಸುತ್ತಲಿನ ಮರ, ಸಂಗ್ರಾಹಕರ ಹೆಸರು, ಸಂಗ್ರಹ ಸಂಖ್ಯೆ ಇರಲಿ. ಬರೀ ‘ಮಲೆನಾಡು’ ಎಂದರೆ ಆ ಜಾಗಕ್ಕೆ ಮತ್ತೆ ಹೋಗಲು ಯಾರಿಗೂ ಆಗದು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಜಾತಿಯ ಹೆಸರು ಖಾಲಿ ಬಿಟ್ಟರೂ ನಡೆದೀತು.