ಮುತ್ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದರಂತೆ. ಅವರು ಮೊದಲ ಮಹಾಯುದ್ಧದಲ್ಲಿ ಏನು ಮಾಡಿದರು, ಇಲ್ಲಿ ಸಂಸಾರ ಹೇಗೆ ನಡೆಯುತ್ತಿತ್ತು?

ನಮ್ಮ ಮುತ್ತಜ್ಜನೂ ಅದೇ ಲ್ಯಾನ್ಸರ್ಸ್‌ನಲ್ಲಿ, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆಯಲ್ಲಿ ಸವಾರ, ಶಿವಮೊಗ್ಗದವರು. ಅಜ್ಜಿ ಹೇಳಿದ್ದು, ಆಮೇಲೆ ನಾನು ಓದಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಹೈಫಾ ಅನ್ನುತ್ತಾರೆ, ಈಗಿನ ಇಸ್ರೇಲಿನಲ್ಲಿ ತುರ್ಕರ ಕೈಯಿಂದ ಗೆದ್ದ ಊರು. ಆದರೆ ಹೈಫಾ ಒಂದು ದಿನದ ಮಾತು, 1918ರ ಸೆಪ್ಟೆಂಬರ್ 23. ಲ್ಯಾನ್ಸರ್ಸ್ ಹಡಗು ಹತ್ತಿದ್ದು 1914ರಲ್ಲೇ. ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದರು. ಆ ವರ್ಷಗಳಲ್ಲಿ ಕಾದಾಟಕ್ಕಿಂತ ಗಸ್ತು, ಕಾವಲು, ಕುದುರೆ ಚಾಕರಿಯೇ ಜಾಸ್ತಿ. ಕುದುರೆ ಕುಡಿದ ಮೇಲೆ ಸವಾರನಿಗೆ ನೀರು. ಮಲೆನಾಡಿನ ಜಡಿಮಳೆಯಲ್ಲಿ ಬೆಳೆದವರಿಗೆ ಅದು ಎಂಥ ಪಾಡು, ಅಲ್ವಾ?

ಹೈಫಾದಲ್ಲಿ ಜೋಧಪುರ ಲ್ಯಾನ್ಸರ್ಸ್‌ನವರು ಊರಿನ ಕಡೆಗೆ ನುಗ್ಗಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಗುಡ್ಡ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಕಡಿದಾದ ಕಲ್ಲು ದಾರಿ. ಎಷ್ಟೋ ಕುದುರೆಗಳು ಕುಂಟಿ ಹಿಂದೆಯೇ ಉಳಿದವು. ಮುತ್ತಜ್ಜ ಆ ತುಕಡಿಯಲ್ಲಿದ್ದರೋ ಕೆಳಗಿದ್ದರೋ, ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರು ಈಟಿಯ ಮಾತು ಆಡಿದವರೇ ಅಲ್ಲವಂತೆ. ಗೊರಸಿನ ಮಾತು ಮಾತ್ರ ಮುಗಿಯುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಯಾರ ಎತ್ತು ಕುಂಟಿದರೂ ಇವರ ಅಂಗಳಕ್ಕೇ ಬರುತ್ತಿತ್ತು. ಕಾಲು ಎತ್ತಿ ತೊಡೆ ಮೇಲಿಟ್ಟುಕೊಂಡು, ಗೊರಸಿನ ಸಂದಿನ ಕೆಸರು ಬೆರಳಲ್ಲೇ ತೆಗೆದು, ಮೂಸಿ ನೋಡುತ್ತಿದ್ದರು. ಕೊಳೆತಿದ್ದರೆ ವಾಸನೆಯಲ್ಲೇ ಗೊತ್ತಾಗುತ್ತದಂತೆ.

ಇನ್ನು ಸಂಸಾರ. ಸಂಬಳದ ಒಂದು ಪಾಲು ಮನೆಗೆ ಬರುತ್ತಿತ್ತು, ಸಾಲುತ್ತಿರಲಿಲ್ಲ. ಯುದ್ಧ ಅಂತ ಅಕ್ಕಿ, ಬಟ್ಟೆ ಎಲ್ಲದರ ಬೆಲೆ ಏರಿತ್ತು. ಮುತ್ತಜ್ಜಿ ಸುಗ್ಗಿಯಲ್ಲಿ ತೀರ್ಥಹಳ್ಳಿ ಕಡೆ ತವರಿಗೆ ಹೋಗಿ ಅಡಿಕೆ ಸುಲಿಯಲು ಕೂರುತ್ತಿದ್ದರು. ರಾತ್ರಿಯಿಡೀ ಮೆಟ್ಟುಗತ್ತಿ ಮುಂದೆ, ಮಗು ಪಕ್ಕದಲ್ಲೇ ಚಾಪೆ ಮೇಲೆ. ಕಾಗದ ಬಂದರೆ ಓದಿಸಲು ಬೀದಿಯ ಮೇಷ್ಟ್ರು ಬೇಕು. ಹೆಂಡತಿಗೆ ಬರೆದ ಕಾಗದ ಬೀದಿಗೆಲ್ಲ ಗೊತ್ತು!

ಹೈಫಾ ಬಿದ್ದ ಆಸುಪಾಸಿನಲ್ಲೇ ಮೈಸೂರು ಸಂಸ್ಥಾನದಲ್ಲಿ ಇನ್‌ಫ್ಲುಯೆಂಜಾ ಹಬ್ಬಿತು. ಮಗು ಅದರಲ್ಲಿ ಹೋಯಿತು. ಗುಂಡಿನೆದುರು ನಿಂತವರು ಉಳಿದರು, ಮನೆಯಲ್ಲಿದ್ದ ಕೂಸು ಉಳಿಯಲಿಲ್ಲ. ಸುದ್ದಿ ಅವರಿಗೆ ಮುಟ್ಟುವ ಹೊತ್ತಿಗೆ ಯುದ್ಧವೇ ನಿಂತಿತ್ತು. ಆದರೂ ಕೂಡಲೇ ಬಿಟ್ಟು ಕಳಿಸಲಿಲ್ಲ. ನಮ್ಮ ಅಜ್ಜಿ ಹುಟ್ಟಿದ್ದು ಅವರು ವಾಪಸ್ ಬಂದ ಮೇಲೆ.

ದೆಹಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್ಸ್‌ನವು. ಹೋದರೆ ನೋಡಿ. ಅದಕ್ಕಿಂತ ಮೊದಲು ಮನೆಯ ಹಳೇ ಪೆಟ್ಟಿಗೆ ಜಾಲಾಡಿ. ಪದಕ ಸಿಕ್ಕರೆ ಅಂಚನ್ನು ತಿರುಗಿಸಿ ನೋಡಿ, ಸವಾರನ ನಂಬರು, ಹೆಸರು ಅಲ್ಲೇ ಕೊರೆದಿರುತ್ತದೆ. ನಮ್ಮದು ಬೆಳ್ಳಿಯದು. ಯಾವುದೋ ಮದುವೆಯಲ್ಲಿ ಕರಗಿಸಿ ಕಾಲ್ಗೆಜ್ಜೆ ಮಾಡಿಸಿದ್ದಾರೆ.