ತೋಟ ಮಾರಬೇಡಿ, ಮೊದಲು ಮಗನ ಸೆಕೆಂಡ್ ಸರ್ವ್ ನೋಡಿ

ಟೆನಿಸ್ ಆಡುವ ಮಕ್ಕಳ ಬಗ್ಗೆ ಮಲೆನಾಡಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಶಿವಮೊಗ್ಗದ ತರಬೇತುದಾರರ ಉತ್ತರ

ಪ್ರಶ್ನೆ: ಸರ್, ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಅಡಿಕೆ ತೋಟ ಇದೆ. ಮಗನಿಗೆ 15 ವರ್ಷ, ಹತ್ತನೇ ತರಗತಿ. ಟೆನಿಸ್‌ಗಾಗಿಯೇ ಅವನನ್ನು ಶಿವಮೊಗ್ಗದಲ್ಲಿ ನನ್ನ ತಂಗಿಯ ಮನೆಯಲ್ಲಿ ಬಿಟ್ಟಿದ್ದೇವೆ. 13ನೇ ವಯಸ್ಸಿನಲ್ಲಿ ರಾಜ್ಯಮಟ್ಟದ ಎರಡು ಟೂರ್ನಿ ಗೆದ್ದ. ಈ ವರ್ಷ ಅಂತರರಾಷ್ಟ್ರೀಯ ಜೂನಿಯರ್ ಟೂರ್ನಿ ಎರಡು ಆಡಿದ, ಎರಡರಲ್ಲೂ ಮೊದಲ ಸುತ್ತಿನಲ್ಲೇ ಸೋತ. ಬೆಂಗಳೂರಿನ ಒಂದು ಅಕಾಡೆಮಿಯವರು ಶಾಲೆ ಬಿಡಿಸಿ ಕರೆತನ್ನಿ, ಎರಡು ವರ್ಷದಲ್ಲಿ ಪ್ರೊಫೆಷನಲ್ ಮಾಡುತ್ತೇವೆ ಅನ್ನುತ್ತಾರೆ. ವರ್ಷದ ಖರ್ಚು ಕೇಳಿ ಎದೆ ಧಸಕ್ ಎಂದಿತು. ಒಂದು ಎಕರೆ ಮಾರೋಣ ಎಂದು ನನ್ನ ಯೋಚನೆ. ಹೆಂಡತಿಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಮಾರಬೇಡಿ. ಈಗ ಖಂಡಿತ ಬೇಡ. ಈ ವಿಷಯದಲ್ಲಿ ನಿಮ್ಮ ಮನೆಯವರ ಮಾತೇ ಸರಿ. ಹುಡುಗನಲ್ಲಿ ಆಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ರಾಜ್ಯಮಟ್ಟದಲ್ಲಿ ಎರಡು ಟೂರ್ನಿ ಗೆಲ್ಲುವುದು ಸಣ್ಣ ಮಾತಲ್ಲ. ಆದರೆ ಆ ಗೆಲುವು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಬಿಡಿಸಿ ನೋಡಬೇಕು.

ತುಂಬಾ ಪಾಲಕರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಜೂನಿಯರ್ ಅಂಕಗಳು ಪ್ರೊಫೆಷನಲ್ ರ್‍ಯಾಂಕಿಂಗ್‌ಗೆ ಸೇರುವುದಿಲ್ಲ. ಅಂತರರಾಷ್ಟ್ರೀಯ ಜೂನಿಯರ್ ಟೂರ್ನಿಗಳಲ್ಲಿ ಜೆ30, ಜೆ60, ಜೆ100, ಜೆ200, ಜೆ300, ಜೆ500 ಎಂದು ಮೆಟ್ಟಿಲುಗಳಿವೆ. ಆ ಸಂಖ್ಯೆಯೇ ಗೆದ್ದವರಿಗೆ ಸಿಗುವ ಅಂಕ. ನಿಮ್ಮ ಮಗ ಆಡಿದ್ದು ಬಹುಶಃ ಜೆ30 ಇರಬೇಕು. ಈ ಮೆಟ್ಟಿಲುಗಳನ್ನೆಲ್ಲ ಹತ್ತಿದರೂ ಗಂಡಸರ ರ್‍ಯಾಂಕಿಂಗ್‌ನಲ್ಲಿ ಶುರು ಮಾಡುವುದು ಸೊನ್ನೆಯಿಂದಲೇ. ಜೂನಿಯರ್ ಸ್ಥಾನ ಚೆನ್ನಾಗಿದ್ದರೆ ಬಾಗಿಲು ಸ್ವಲ್ಪ ಬೇಗ ತೆರೆಯುತ್ತದೆ, ನಿಜ. ವಿಶ್ವದ ಮೊದಲ 100ರೊಳಗಿನ ಜೂನಿಯರ್‌ಗಳಿಗೆ ಸಣ್ಣ ಪ್ರೊಫೆಷನಲ್ ಟೂರ್ನಿಗಳಲ್ಲಿ ಕೆಲವು ಜಾಗ ಮೀಸಲಿರುತ್ತವೆ. ವರ್ಷದ ಕೊನೆಗೆ ಮೊದಲ 20ರಲ್ಲಿ ಉಳಿದವರಿಗೆ ಅದಕ್ಕಿಂತ ಮೇಲಿನ ಹಂತದ ಚಾಲೆಂಜರ್ ಟೂರ್ನಿಗಳಲ್ಲೂ ಅವಕಾಶ ಉಂಟು. ಒಳಗೆ ಹೋದಮೇಲೆ ಆಡಬೇಕಾದ್ದು ಅವನೇ.

ಈಗ ಒಂದು ಲೆಕ್ಕ ಹಾಕೋಣ. ಗಂಡಸರ ಟೂರ್ನಿಗಳಲ್ಲಿ ತೀರಾ ಕೆಳಗಿನದು ಎಂ15. ಒಟ್ಟು ಬಹುಮಾನ 15,000 ಡಾಲರ್. ಗೆದ್ದವನಿಗೆ 15 ಅಂಕ, ಮೊದಲ ಸುತ್ತು ದಾಟಿದವನಿಗೆ 1 ಅಂಕ. ಈ ಅಂಕಗಳು 52 ವಾರ ಮಾತ್ರ ಇರುತ್ತವೆ, ಆಮೇಲೆ ಬಿದ್ದುಹೋಗುತ್ತವೆ. ಗ್ರ್ಯಾಂಡ್‌ಸ್ಲ್ಯಾಮ್ ಸಿಂಗಲ್ಸ್‌ನ 128 ಜಾಗಗಳಲ್ಲಿ ರ್‍ಯಾಂಕಿಂಗ್ ಮೇಲೆ ನೇರವಾಗಿ ಸಿಗುವುದು 104. ಅಂದರೆ ಸುಮಾರು 100ನೇ ಸ್ಥಾನದಲ್ಲಿ ಇರಬೇಕು, ಅದಕ್ಕೆ ಹತ್ತಿರಹತ್ತಿರ 600 ಅಂಕ ಬೇಕು. ಎಂ15 ಮಾತ್ರ ಆಡುತ್ತಿದ್ದರೆ ಅದು 40 ಟೂರ್ನಿ ಗೆದ್ದಷ್ಟು ಅಂಕ. ಆದರೆ ವರ್ಷದಲ್ಲಿ ಚೆನ್ನಾಗಿ ಆಡಿದ ಇಪ್ಪತ್ತಕ್ಕೂ ಕಡಿಮೆ ಟೂರ್ನಿಗಳ ಅಂಕ ಮಾತ್ರ ಲೆಕ್ಕಕ್ಕೆ ಬರುತ್ತದೆ, ಎಂ15 ಮಾತ್ರ ಆಡಿ ಅಲ್ಲಿಗೆ ಮುಟ್ಟಲು ಆಗುವುದೇ ಇಲ್ಲ. ಹಾಗಾಗಿ ಎಂ15ರಿಂದ ಅದರ ಮೇಲಿನ ಎಂ25ಕ್ಕೆ, ಅಲ್ಲಿಂದ ಚಾಲೆಂಜರ್‌ಗೆ ಬೇಗ ದಾಟುವಂಥ ಆಟ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಕೆಳಗಿನ ಮೆಟ್ಟಿಲಲ್ಲೇ ದುಡ್ಡು ಕರಗುತ್ತದೆ.

ದುಡ್ಡಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಂ15ರ ಮೊದಲ ಸುತ್ತಿನಲ್ಲಿ ಸೋತವನಿಗೆ ಸಿಗುವುದು ಸುಮಾರು 150 ಡಾಲರ್. ಗೆದ್ದವನಿಗೆ 2,100ರ ಆಸುಪಾಸು. ರೈಲು, ರೂಮು, ಊಟ, ರ್‍ಯಾಕೆಟ್‌ಗೆ ಮತ್ತೆ ಮತ್ತೆ ಗಟ್ ಹಾಕಿಸುವುದು ಎಲ್ಲ ನಿಮ್ಮ ಜೇಬಿನಿಂದಲೇ. ಜೊತೆಗೆ ಕೋಚ್ ಹೋದರೆ ಎಲ್ಲವೂ ಎರಡರಷ್ಟು. ಸುಮಿತ್ ನಗಾಲ್ ಕಥೆ ಕೇಳಿರಬಹುದು. 2015ರಲ್ಲಿ ವಿಂಬಲ್ಡನ್ ಜೂನಿಯರ್ ಡಬಲ್ಸ್ ಗೆದ್ದ ಹುಡುಗ. 2023ರಲ್ಲಿ, ದೇಶದ ನಂಬರ್ ಒನ್ ಸಿಂಗಲ್ಸ್ ಆಟಗಾರ ಆಗಿದ್ದಾಗಲೇ, ತನ್ನ ಖಾತೆಯಲ್ಲಿ ಉಳಿದಿರುವುದು 900 ಯೂರೋ ಎಂದು ಹೇಳಿಕೊಂಡರು. ಓದಿದ ದಿನ ನನಗೆ ಊಟ ಸೇರಲಿಲ್ಲ. ಮರುವರ್ಷ ಜನವರಿಯಲ್ಲಿ ಅದೇ ನಗಾಲ್ ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ ಬುಬ್ಲಿಕ್ ಅವರನ್ನು ಸೋಲಿಸಿದರು. ಜುಲೈಗೆ 68ನೇ ಸ್ಥಾನಕ್ಕೆ ಏರಿದರು. ಜೂನಿಯರ್ ಪ್ರಶಸ್ತಿಯಿಂದ ಅಲ್ಲಿಗೆ ಒಂಬತ್ತು ವರ್ಷ ಹಿಡಿಯಿತು. ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಚಾಂಪಿಯನ್, ಜೂನಿಯರ್ ವಿಶ್ವ ನಂಬರ್ ಒನ್ ಕೂಡ. ಅವರು ಸಿಂಗಲ್ಸ್‌ನಲ್ಲಿ ಮುಟ್ಟಿದ ಅತಿ ಎತ್ತರದ ಸ್ಥಾನ 83, ಅದೂ 2018ರಲ್ಲಿ. ನಡುವೆ ಗಾಯಗಳು ಪದೇ ಪದೇ ಹಿಂದಕ್ಕೆ ಎಳೆದವು. ಎರಡು ವರ್ಷದಲ್ಲಿ ಪ್ರೊಫೆಷನಲ್ ಮಾಡುತ್ತೇವೆ ಎನ್ನುವವರ ಮುಂದೆ ಈ ಇಬ್ಬರ ಹೆಸರು ಹೇಳಿ ನೋಡಿ. ಸಸಿ ನೆಟ್ಟು ಐದಾರು ವರ್ಷ ಫಸಲಿಗೆ ಕಾಯುವವರು ನೀವು, ನಿಮಗೆ ಇದು ಬೇಗ ಅರ್ಥವಾಗುತ್ತದೆ.

ಹಾಗಾದರೆ ಮಗ ಈಗ ಏನು ಮಾಡಬೇಕು? 13ರಲ್ಲಿ ಗೆಲ್ಲುವ ಮಕ್ಕಳು ಸಾಮಾನ್ಯವಾಗಿ ಚೆಂಡನ್ನು ಬಿಡದೆ ವಾಪಸ್ ಹಾಕುವವರು. ಎದುರಿನವರು ತಪ್ಪು ಮಾಡುವವರೆಗೆ ಕಾಯುತ್ತಾರೆ. ಗಂಡಸರ ಆಟದಲ್ಲಿ ಎದುರಿನವರು ಹಾಗೆ ತಪ್ಪು ಮಾಡುವುದಿಲ್ಲ. ಸರ್ವ್, ಅದರ ರಿಟರ್ನ್, ಮುಂದಿನ ಒಂದೆರಡು ಹೊಡೆತ, ಅಷ್ಟರಲ್ಲೇ ಪಾಯಿಂಟ್ ಯಾರ ಕಡೆ ಎಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಸೆಕೆಂಡ್ ಸರ್ವ್, ಅಂದರೆ ಮೊದಲ ಸರ್ವ್ ತಪ್ಪಿದಾಗ ಸಿಗುವ ಎರಡನೇ ಅವಕಾಶ. ಒತ್ತಡ ಬಂದಾಗ ಹುಡುಗ ಸುಮ್ನೆ ಚೆಂಡನ್ನು ಒಳಗೆ ತಳ್ಳುತ್ತಾನಾ, ಅಥವಾ ಕೈ ಪೂರ್ತಿ ಬೀಸಿ ಸ್ಪಿನ್ ಕೊಟ್ಟು ಹೊಡೆಯುತ್ತಾನಾ? ತಳ್ಳುತ್ತಿದ್ದರೆ ದೊಡ್ಡವರು ಅದನ್ನೇ ಕಾದು ಹೊಡೆಯುತ್ತಾರೆ. ಇದನ್ನು ತಿದ್ದುವಾಗ ಆರು ತಿಂಗಳು ಪಂದ್ಯಗಳು ಸೋಲುತ್ತವೆ. ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವ ಡಬಲ್ ಫಾಲ್ಟ್ ಜಾಸ್ತಿ ಆಗುತ್ತದೆ. ಆಗ ಮನೆಯಲ್ಲಿ ಯಾರೂ ಸ್ಕೋರ್ ಕೇಳಬಾರದು. ನಿಮಗೆ ಕಷ್ಟದ ಕೆಲಸ ಅದೇ, ಆದರೆ ಮಗನಿಗೆ ದೊಡ್ಡ ಸಹಾಯವೂ ಅದೇ.

ಇನ್ನೆರಡು ವರ್ಷ ಜೆ30 ಹುಡುಕಿಕೊಂಡು ವಿಮಾನ ಹತ್ತಬೇಡಿ. ದೇಶದೊಳಗೆ ನಡೆಯುವುದನ್ನು ಆಡಲಿ. 18 ವರ್ಷದೊಳಗಿನವರ ಟೂರ್ನಿ, ಅದರ ಜೊತೆಗೆ ಬಹುಮಾನದ ಹಣ ಇರುವ ಗಂಡಸರ ದೇಶೀಯ ಟೂರ್ನಿ ಆಡಲಿ. ಅಲ್ಲಿ 25 ವರ್ಷದವರ ಕೈಯಲ್ಲಿ ಸೋಲಲಿ. ಆ ಸೋಲಿನ ಬೆಲೆ ಒಂದು ಬಸ್ ಟಿಕೆಟ್ ಅಷ್ಟೇ. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿಯಲ್ಲಿ 25,000 ಡಾಲರ್ ಮಟ್ಟದ ಟೂರ್ನಿಗಳು ನಡೆದವು. ಬೆಂಗಳೂರಿನ ಕಬ್ಬನ್ ಪಾರ್ಕ್ ಅಂಕಣಗಳಲ್ಲಿ ಚಾಲೆಂಜರ್ ನಡೆಯುತ್ತದೆ. ಇಂಥದ್ದು ಹತ್ತಿರದಲ್ಲಿ ಬಂದಾಗ ಅವನನ್ನು ಕರೆದುಕೊಂಡು ಹೋಗಿ. ಫೈನಲ್‌ಗೆ ಬೇಡ, ಮುಖ್ಯ ಸುತ್ತಿಗೆ ಜಾಗ ಗಿಟ್ಟಿಸಲು ಆಡುವ ಕ್ವಾಲಿಫೈಯಿಂಗ್ ದಿನ ಹೋಗಿ. ಹೆಸರು ಕೇಳದ ಆಟಗಾರರು ಖಾಲಿ ಕುರ್ಚಿಗಳ ಮುಂದೆ ಹೇಗೆ ಜೀವ ಪಣಕ್ಕಿಟ್ಟು ಆಡುತ್ತಾರೆ ಎಂದು ಅವನು ನೋಡಬೇಕು. ವಾಪಸ್ ಬರುವಾಗ ಬಸ್ಸಿನಲ್ಲಿ ಏನು ಮಾತಾಡುತ್ತಾನೆ ಎಂದು ಕೇಳಿಸಿಕೊಳ್ಳಿ. ಈ ಬದುಕು ಅವನಿಗೆ ಬೇಕಾ ಇಲ್ಲವಾ ಎಂಬುದು ಅಲ್ಲೇ ತಿಳಿಯುತ್ತದೆ.

ಶಾಲೆ ಬಿಡಿಸಬೇಡಿ. ನಾನು 17ರಲ್ಲಿ ಪಿಯುಸಿ ಅರ್ಧಕ್ಕೆ ಬಿಟ್ಟು ಶಿವಮೊಗ್ಗದಿಂದ ಬೆಂಗಳೂರಿಗೆ ಹೋದವನು. ಅಲ್ಲಿನ ಒಬ್ಬ ಕೋಚ್ ಓದು ಮತ್ತು ಟೆನಿಸ್ ಎರಡೂ ಆಗುವುದಿಲ್ಲ ಎಂದಿದ್ದರು, ನಾನು ನಂಬಿದೆ. ವರ್ಷದೊಳಗೆ ಬೆನ್ನು ಹಿಡಿದುಕೊಂಡಿತು. ಊರಿಗೆ ವಾಪಸ್ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ನನಗಿಂತ ಒಂದು ವರ್ಷ ಚಿಕ್ಕವರ ಜೊತೆ ಕೂತು ಪರೀಕ್ಷೆ ಬರೆದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸೋಮದೇವ್ ದೇವವರ್ಮನ್ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2007 ಮತ್ತು 2008ರಲ್ಲಿ ಅಲ್ಲಿನ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದರು. ಆಮೇಲೆ ಪ್ರೊಫೆಷನಲ್ ಆಗಿ 62ನೇ ಸ್ಥಾನ ಮುಟ್ಟಿದರು. ಟೆನಿಸ್ ಸ್ಕಾಲರ್‌ಶಿಪ್ ಎಂಬ ದಾರಿ ತೆರೆದಿರಬೇಕಾದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಬೇಕು, ನಡುವೆ ವರ್ಷಗಟ್ಟಲೆ ಖಾಲಿ ಬಿಡಬಾರದು. ಆ ಕಾಲೇಜುಗಳಲ್ಲಿ ಬಹುಮಾನದ ಹಣಕ್ಕೂ ನಿಯಮ ಇದೆ. ಯಾವುದೇ ಹಣ ತೆಗೆದುಕೊಳ್ಳುವ ಮೊದಲು ವಿಚಾರಿಸಿ. ಹಾಜರಿ ಸಮಸ್ಯೆಯಾದರೆ ಮುಖ್ಯೋಪಾಧ್ಯಾಯರ ಹತ್ತಿರ ನೀವೇ ಹೋಗಿ ಮಾತಾಡಿ, ಟೂರ್ನಿ ಪತ್ರ ಮುಂಚೆಯೇ ಕೊಡಿ.

ಖರ್ಚಿಗೆ ತೋಟದ ಆದಾಯದಿಂದ ವರ್ಷಕ್ಕೆ ಇಷ್ಟು ಎಂದು ಗೆರೆ ಹಾಕಿ. ಕೊಳೆರೋಗ ಬಂದ ವರ್ಷವೂ ಕೊಡಲು ಆಗುವಷ್ಟು ಮಾತ್ರ ಇಡಿ. 17 ತುಂಬಿದಾಗ ಮತ್ತೆ ಕೂತು ಮಾತಾಡೋಣ. ಅಷ್ಟರಲ್ಲಿ ಗಂಡಸರ ದೇಶೀಯ ಟೂರ್ನಿಗಳಲ್ಲಿ ಅವನು ಎರಡು ಮೂರು ಸುತ್ತು ಗೆಲ್ಲುತ್ತಿದ್ದರೆ, ಮೈಗೆ ದೊಡ್ಡ ಗಾಯ ಇಲ್ಲದಿದ್ದರೆ, ಬೆಳಿಗ್ಗೆ ಯಾರೂ ಎಬ್ಬಿಸದೆ ತಾನೇ ಎದ್ದು ಹೋಗುತ್ತಿದ್ದರೆ, ಬೆಂಗಳೂರಿನ ಮಾತು ಆಗ ಎತ್ತಬಹುದು.

ಪ್ರಶ್ನೆ: ನಾನು ತೀರ್ಥಹಳ್ಳಿಯವಳು, 16 ವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಣ್ಣಿನ ಕೋರ್ಟ್ ಕೆಸರುಗದ್ದೆ ಆಗಿರುತ್ತದೆ. ಬೆಂಗಳೂರಿನ ಹುಡುಗಿಯರು ಆ ನಾಲ್ಕು ತಿಂಗಳೂ ಆಡುತ್ತಾರೆ. ನಾನು ಹಿಂದೆ ಬೀಳುತ್ತೇನೆ ಅಲ್ವಾ ಸರ್? ಸರ್ವ್ ಮಾಡುವಾಗ ಸೊಂಟದ ಮೇಲ್ಗಡೆ ನೋವೂ ಇದೆ.

ಉತ್ತರ: ಮೊದಲು ನೋವಿನ ಮಾತು ಮುಗಿಸೋಣ. ಎಷ್ಟು ದಿನದಿಂದ ಅಂತ ನೀನು ಬರೆದಿಲ್ಲ. ಎರಡು ವಾರ ದಾಟಿದ್ದರೆ ಇವತ್ತೇ ಅಮ್ಮನಿಗೆ ಹೇಳು, ಮೂಳೆ ವೈದ್ಯರ ಹತ್ತಿರ ಹೋಗು. ಸರ್ವ್ ಮಾಡುವಾಗ ಬೆನ್ನು ಹಿಂದಕ್ಕೆ ಬಾಗಿ ತಿರುಗುತ್ತದೆ. ಬೆಳೆಯುವ ವಯಸ್ಸಿನ ಆಟಗಾರರಲ್ಲಿ ಬೆನ್ನುಮೂಳೆಯ ಕೆಳಭಾಗದಲ್ಲಿ ಇದರಿಂದ ಸಣ್ಣ ಬಿರುಕು ಬೀಳುವುದುಂಟು. ಬೇಗ ಗೊತ್ತಾದರೆ ವಿಶ್ರಾಂತಿಯಲ್ಲೇ ಸಾಮಾನ್ಯವಾಗಿ ವಾಸಿಯಾಗುತ್ತದೆ. ಮುಲಾಮು ಹಚ್ಚಿಕೊಂಡು ಆಡುತ್ತಾ ಹೋದರೆ ಆಗುವುದಿಲ್ಲ. ವೈದ್ಯರು ಸರಿ ಎನ್ನುವವರೆಗೆ ಸರ್ವ್ ಪೂರ್ತಿ ನಿಲ್ಲಿಸು. ಕೆಳಗೆ ಬರೆದದ್ದನ್ನೂ ಅವರ ಒಪ್ಪಿಗೆ ಸಿಕ್ಕ ಮೇಲೆಯೇ ಶುರು ಮಾಡು.

ಇನ್ನು ಮಳೆ. ನನ್ನ ಬಾಲ್ಯದ ಮಳೆಗಾಲವೆಲ್ಲ ಕಿಟಕಿಯಲ್ಲಿ ಆಕಾಶ ನೋಡುತ್ತಾ ಕಳೆಯಿತು, ನಿನ್ನ ಸಂಕಟ ಚೆನ್ನಾಗಿ ಗೊತ್ತು. ಆದರೆ ಈಗ ಯೋಚಿಸಿದರೆ ಆ ನಾಲ್ಕು ತಿಂಗಳನ್ನು ಬೇರೆ ರೀತಿ ಬಳಸಬಹುದಿತ್ತು ಅನ್ನಿಸುತ್ತದೆ. ವರ್ಷವಿಡೀ ಟೂರ್ನಿ ಆಡುವ ಮಕ್ಕಳಿಗೆ ಮೈ ಗಟ್ಟಿ ಮಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ನಿನಗೆ ಮಳೆ ಆ ಸಮಯ ಕೊಡುತ್ತದೆ. ಜೂನ್, ಜುಲೈನಲ್ಲಿ ಹಗ್ಗದ ಜಿಗಿತ, ಕಾಲು ಮತ್ತು ಹೊಟ್ಟೆಯ ವ್ಯಾಯಾಮ, ಮೆಡಿಸಿನ್ ಬಾಲ್ ಎಸೆತ ಮಾಡು. ಬ್ಯಾಡ್ಮಿಂಟನ್ ಹಾಲ್ ಇದ್ದರೆ ಅಲ್ಲಿ ಪಾದದ ಚಲನೆ ಅಭ್ಯಾಸ ಮಾಡು, ಹಾಲ್ ಗೋಡೆಗೆ ಹೊಡೆಯಲು ಬಿಟ್ಟರೆ ದಿನಕ್ಕೆ ಅರ್ಧ ಗಂಟೆ ವಾಲಿ, ಅಂದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು, ಆಡು. ಆಗಸ್ಟ್ ಕೊನೆಗೆ ಹತ್ತು ಹದಿನೈದು ದಿನ ಬಯಲುಸೀಮೆಯಲ್ಲಿ, ಒಣಗಿದ ಕೋರ್ಟ್ ಇರುವ ಕಡೆ, ನೆಂಟರ ಮನೆಯಲ್ಲಿ ಉಳಿದು ಆಡಿ ಬಾ. ಅಲ್ಲಿ ಸಿಮೆಂಟಿನ ಕೋರ್ಟ್ ಇದ್ದರೆ ಚೆಂಡು ನಿನ್ನ ಮಣ್ಣಿನ ಕೋರ್ಟಿಗಿಂತ ಬೇಗ ಬರುತ್ತದೆ, ಮೊದಲ ಮೂರು ದಿನ ಗಾಬರಿಯಾಗಬೇಡ.

ಹುಡುಗಿಯರ ಪ್ರೊಫೆಷನಲ್ ಟೂರ್ನಿಗಳಲ್ಲಿ 18 ತುಂಬುವವರೆಗೆ ವರ್ಷಕ್ಕೆ ಇಷ್ಟೇ ಆಡಬೇಕು ಎಂಬ ಮಿತಿ ಇದೆ. ಚಿಕ್ಕ ವಯಸ್ಸಿನಲ್ಲಿ ಮೈ, ಮನಸ್ಸು ಸುಸ್ತಾಗದಿರಲಿ ಎಂದೇ ಆ ನಿಯಮ. ನಿನಗೆ ಇನ್ನೂ ಸಮಯ ಇದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಗಂಡಸರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾಂಡ್‌ಸ್ಲ್ಯಾಮ್ ಗೆದ್ದದ್ದು 2024ರಲ್ಲಿ, 43ನೇ ವಯಸ್ಸಿನಲ್ಲಿ. ಅವರ ಊರಲ್ಲೂ ಮಳೆ ಕಡಿಮೆ ಏನಲ್ಲ.

ಪ್ರಶ್ನೆ: ಭದ್ರಾವತಿಯಿಂದ ಒಬ್ಬ ತಾಯಿ. ಮಗಳಿಗೆ 9 ವರ್ಷ. ಹಸಿರು ಚುಕ್ಕೆಯ ಚೆಂಡಿನಲ್ಲಿ ಎಲ್ಲರನ್ನೂ ಸೋಲಿಸುತ್ತಾಳೆ. ಈಗಲೇ ಹಳದಿ ಚೆಂಡಿಗೆ ಹಾಕಿದರೆ ಬೇಗ ಮುಂದೆ ಹೋಗುತ್ತಾಳಾ?

ಉತ್ತರ: ಬೇಡ ತಾಯಿ, ಅವಸರ ಮಾಡಬೇಡಿ. ಹಸಿರು ಚುಕ್ಕೆಯ ಚೆಂಡು ಹಳದಿ ಚೆಂಡಿಗಿಂತ ಕಾಲು ಭಾಗ ನಿಧಾನ, ಪುಟಿತವೂ ಕಡಿಮೆ. ಹಳದಿ ಚೆಂಡು ಅವಳ ತಲೆಯ ಮಟ್ಟಕ್ಕೆ ಪುಟಿಯುತ್ತದೆ. ಅದನ್ನು ಹೊಡೆಯಲು ಮಗು ಹಿಡಿತವನ್ನೇ ಬದಲಾಯಿಸಿಕೊಳ್ಳುತ್ತದೆ, ಆಮೇಲೆ ತಿದ್ದುವುದು ಬಹಳ ಕಷ್ಟ. ಇದೇ ಕಾರಣಕ್ಕೆ 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸಬಾರದು ಎಂದು ಅಂತರರಾಷ್ಟ್ರೀಯ ಟೆನಿಸ್ ನಿಯಮವೇ ಬಂತು. ವಾರಕ್ಕೆ ಎಷ್ಟು ಗಂಟೆ ಎಂದರೆ, ಮಗುವಿನ ವಯಸ್ಸು ಎಷ್ಟೋ ಅದಕ್ಕಿಂತ ಜಾಸ್ತಿ ಬೇಡ ಎಂದು ಕ್ರೀಡಾ ವೈದ್ಯರು ಹೇಳುತ್ತಾರೆ. ಅವಳಿಗೆ ಒಂಬತ್ತು ಗಂಟೆ ಮೇಲ್ಮಿತಿ, ಆರು ಸಾಕು. ಎಲ್ಲರನ್ನೂ ಸೋಲಿಸುತ್ತಿದ್ದರೆ ವಾರಕ್ಕೆ ಎರಡು ದಿನ ಅವಳಿಗಿಂತ ಎರಡು ವರ್ಷ ದೊಡ್ಡ ಮಕ್ಕಳ ಜೊತೆ ಅದೇ ಹಸಿರು ಚೆಂಡಿನಲ್ಲಿ ಆಡಿಸಿ. ಉಳಿದ ಸಂಜೆ ಈಜು, ಖೋ ಖೋ, ಕುಂಟೆಬಿಲ್ಲೆ, ಏನು ಬೇಕಾದರೂ ಆಡಲಿ.