ಒಂದೇ ಹೊತ್ತಿನ ಅಳತೆಯಿಂದ ಜೈವಿಕ ಗಡಿಯಾರ ತಿಳಿದೀತೇ?

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಒಂದು ಪೆಟ್ಟಿಗೆಯಲ್ಲಿ 30 ಹಣ್ಣುನೊಣಗಳಿಗೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಬೆಳಕು ಕೊಟ್ಟೆ. ಇನ್ನೊಂದರಲ್ಲಿ 30 ನೊಣಗಳಿಗೆ ರಾತ್ರಿ 10ರವರೆಗೂ ದೀಪ ಉರಿಸಿದೆ. ವಾರದ ನಂತರ ಮೊದಲ ಗುಂಪನ್ನು ಬೆಳಿಗ್ಗೆ 10ಕ್ಕೂ, ಎರಡನೆಯದನ್ನು ಊಟ ಮುಗಿಸಿ ಮಧ್ಯಾಹ್ನ 2ಕ್ಕೂ ತೆಗೆದು, ತಲೆಗಳನ್ನು ಅರೆದು ಜೈವಿಕ ಗಡಿಯಾರದ, ಅಂದರೆ ದೇಹದ ದಿನಚಕ್ರ ನಡೆಸುವ ವ್ಯವಸ್ಥೆಯ, ‘ಪೀರಿಯಡ್’ ಜೀನಿನ ಆರ್‌ಎನ್‌ಎ (ಜೀನು ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ಅಳೆದೆ. ಎರಡನೆಯದರಲ್ಲಿ ಹೆಚ್ಚಿತ್ತು. ರಾತ್ರಿಯ ಬೆಳಕು ಈ ಜೀನನ್ನು ಚುರುಕುಗೊಳಿಸುತ್ತದೆ ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ಈಗಿರುವ ಅಂಕಿಗಳನ್ನು ನಂಬಿ ಹಾಗೆ ಬರೆಯಲು ಬರುವುದಿಲ್ಲ. ನಿಮ್ಮ ಅಳತೆಯಲ್ಲಿ ದೋಷವಿದೆ ಎಂದಲ್ಲ. ಎರಡು ಗುಂಪುಗಳ ನಡುವೆ ಬೆಳಕಿನ ಜೊತೆಗೆ ಅಳೆದ ಹೊತ್ತೂ ಬೇರೆಯಾಗಿಬಿಟ್ಟಿದೆ. ಬೇರೆ ಎಷ್ಟೋ ಜೀನುಗಳಲ್ಲಿ ನಾಲ್ಕು ಗಂಟೆಯ ಅಂತರ ಅಷ್ಟೇನೂ ಬಾಧಿಸದೆ ಇರಬಹುದು, ಆದರೆ ಹೊತ್ತಿಗೆ ತಕ್ಕಂತೆ ಏರಿಳಿಯುವುದೇ ಪೀರಿಯಡ್ ಜೀನಿನ ಸ್ವಭಾವ.

1971ರಲ್ಲಿ ರಾನಲ್ಡ್ ಕೊನೊಪ್ಕಾ ಮತ್ತು ಸೀಮೋರ್ ಬೆಂಜರ್ ಹಣ್ಣುನೊಣಗಳಲ್ಲಿ ಮೂರು ವಿಚಿತ್ರ ತಳಿಗಳನ್ನು ಗುರುತಿಸಿದರು: ಒಂದರ ದಿನಚಕ್ರ ಸುಮಾರು 19 ಗಂಟೆ, ಇನ್ನೊಂದರದು 28, ಮೂರನೆಯದಕ್ಕೆ ಲಯವೇ ಇಲ್ಲ. ಮೂರೂ ಒಂದೇ ಜೀನಿನ, ಅಂದರೆ ಇದೇ ಪೀರಿಯಡ್ ಜೀನಿನ, ಬದಲಾವಣೆಗಳಾಗಿದ್ದವು. 1984ರಲ್ಲಿ ಜೆಫ್ರಿ ಹಾಲ್ ಮತ್ತು ಮೈಕೆಲ್ ರೊಸ್ಬಾಶ್ ಅವರ ತಂಡವೂ ಮೈಕೆಲ್ ಯಂಗ್ ಅವರ ತಂಡವೂ ಆ ಜೀನನ್ನು ಪ್ರತ್ಯೇಕಿಸಿದವು. 2017ರ ನೊಬೆಲ್ ಪ್ರಶಸ್ತಿ ಈ ಮೂವರಿಗೆ ಸಂದಿತು. ‘ಕ್ಲಾಕ್’ ಮತ್ತು ‘ಸೈಕಲ್’ ಎಂಬ ಪ್ರೋಟೀನುಗಳು ಪೀರಿಯಡ್ ಜೀನನ್ನು ಚಾಲೂ ಮಾಡುತ್ತವೆ. ಅದರಿಂದಾದ ಪ್ರೋಟೀನು ‘ಟೈಮ್‌ಲೆಸ್’ ಎಂಬ ಜೊತೆಗಾರನೊಂದಿಗೆ ರಾತ್ರಿ ಕೋಶಕೇಂದ್ರವನ್ನು ಹೊಕ್ಕು, ತನ್ನನ್ನು ಹುಟ್ಟಿಸಿದ ಜೀನಿನ ಕೆಲಸವನ್ನೇ ತಡೆಯುತ್ತದೆ, ಮತ್ತು ಬೆಳಕು ಹರಿದ ಮೇಲೆ ಅದು ಕರಗಿದಾಗ ಚಕ್ರ ಮತ್ತೆ ಮೊದಲಾಗುತ್ತದೆ. ಆದ್ದರಿಂದಲೇ ಇದರ ಆರ್‌ಎನ್‌ಎ ಬೆಳಗಿನ ಹೊತ್ತಿನಲ್ಲಿ ತಳ ಮುಟ್ಟಿ, ಕತ್ತಲಾದ ಕೆಲವು ಗಂಟೆಗಳಲ್ಲಿ ತುದಿಗೇರುತ್ತದೆ. ನೀವು 10ಕ್ಕೆ ತೆಗೆದದ್ದು ಆ ತಗ್ಗಿನಲ್ಲಿ, 2ಕ್ಕೆ ತೆಗೆದದ್ದು ಏರು ಶುರುವಾಗುವಲ್ಲಿ. ರಾತ್ರಿ ಬೆಳಕು ಕೊಡದ ನೊಣಗಳಲ್ಲೂ ಈ ವ್ಯತ್ಯಾಸ ಕಂಡೀತು.

ಹಾಗೆಂದು ಎರಡನ್ನೂ 10ಕ್ಕೇ ತೆಗೆದರೆ ಸಾಲದು. ತಡವಾಗಿ ದೀಪ ಆರುವ ಪೆಟ್ಟಿಗೆಯಲ್ಲಿ ಇಡೀ ಏರಿಳಿತವೇ ಒಂದೆರಡು ಗಂಟೆ ಹಿಂದೆ ಬಿದ್ದಿದ್ದರೆ, ಜೀನಿನ ಒಟ್ಟು ಕೆಲಸ ಎಳ್ಳಷ್ಟೂ ಬದಲಾಗದಿದ್ದರೂ ಒಂದೇ ಹೊತ್ತಿನ ಅಳತೆಯಲ್ಲಿ ಅದು ಹೆಚ್ಚಾಗಿಯೋ ಕಡಿಮೆಯಾಗಿಯೋ ತೋರುತ್ತದೆ. ನಾಲ್ಕು ಗಂಟೆಗೊಮ್ಮೆಯಂತೆ ದಿನಕ್ಕೆ ಆರು ಬಾರಿ, ಸಾಧ್ಯವಾದರೆ ಎರಡು ದಿನ, ಎರಡೂ ಗುಂಪುಗಳಿಂದ ಅದೇ ಹೊತ್ತಿಗೆ ನೊಣಗಳನ್ನು ತೆಗೆಯಿರಿ. ಕತ್ತಲೆಯ ಹೊತ್ತಿನಲ್ಲಿ ಮೊಬೈಲಿನ ಟಾರ್ಚ್ ಖಂಡಿತ ಬೇಡ: ಕೆಲವೇ ನಿಮಿಷಗಳ ಬಿಳಿ ಬೆಳಕು ಟೈಮ್‌ಲೆಸ್ ಪ್ರೋಟೀನನ್ನು ಕರಗಿಸಿ ಗಡಿಯಾರವನ್ನೇ ಸರಿಸಬಲ್ಲದು. ಹಣ್ಣುನೊಣಗಳಿಗೆ ಅಷ್ಟಾಗಿ ಕಾಣದ ಮಂದ ಕೆಂಪು ದೀಪವನ್ನು ಬಳಸಿ.

ನನಗೆ ಇನ್ನೂ ಹೆಚ್ಚು ಕಳವಳ ತಂದದ್ದು ಪೆಟ್ಟಿಗೆಗಳ ಸಂಗತಿ. 30 ನೊಣಗಳು ಎಂದಾಗ ಮಾದರಿ ದೊಡ್ಡದೆನಿಸುತ್ತದೆ, ಆದರೆ ಅವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬೆಳೆದವು, ತಲೆಗಳನ್ನೂ ಒಟ್ಟಿಗೆ ಅರೆದಿದ್ದೀರಿ; ಲೆಕ್ಕಕ್ಕೆ ಪ್ರತಿ ಗುಂಪಿಗೆ ಸಿಕ್ಕಿದ್ದು ಒಂದೇ ಮಾದರಿ. ನಾಲ್ಕು ಗಂಟೆ ಹೆಚ್ಚು ಉರಿದ ದೀಪದಿಂದ ಎರಡನೆಯ ಪೆಟ್ಟಿಗೆ ಬೆಚ್ಚಗಾಗಿದ್ದರೆ, ಉಷ್ಣತೆಯ ಏರಿಳಿತಕ್ಕೂ ಈ ಗಡಿಯಾರ ಹೊಂದಿಕೊಳ್ಳುತ್ತದಾದ್ದರಿಂದ, ನಿಮಗೆ ಕಂಡದ್ದು ಬೆಳಕಿನ ಫಲವೋ ಶಾಖದ ಫಲವೋ ಹೇಳಲಾಗದು. ಎರಡರಲ್ಲೂ ಥರ್ಮಾಮೀಟರ್ ಇಡಿ. ಒಂದೇ ವಯಸ್ಸಿನ, ಒಂದೇ ಲಿಂಗದ ನೊಣಗಳನ್ನು ಚೀಟಿ ಎತ್ತಿ ಹಂಚಿ, ಪೆಟ್ಟಿಗೆಗಳನ್ನು ಅದಲುಬದಲು ಮಾಡಿ, ಪ್ರತಿಸಲವೂ ಹೊಸ ನೊಣಗಳೊಂದಿಗೆ ಕನಿಷ್ಠ ಮೂರು ಬಾರಿ ಪ್ರಯೋಗ ನಡೆಸಿ. ಟ್ಯೂಬುಗಳ ಮೇಲೆ ಗುಂಪಿನ ಹೆಸರಿನ ಬದಲು ಗೆಳತಿಯೊಬ್ಬರಿಂದ ಸಂಕೇತ ಸಂಖ್ಯೆ ಬರೆಸಿಕೊಂಡರೆ, ಅಳೆಯುವಾಗ ನಿಮ್ಮ ನಿರೀಕ್ಷೆ ನಡುವೆ ಬರುವುದಿಲ್ಲ.

ಈಗಿನ ಅಂಕಿಗಳನ್ನು ಎಸೆಯಬೇಡಿ. ನೊಣಗಳನ್ನು ತೆಗೆದ ಹೊತ್ತನ್ನು ಪ್ರತಿ ಅಂಕಿಯ ಪಕ್ಕದಲ್ಲಿ ನಮೂದಿಸಿ, ಪ್ರಾಥಮಿಕ ಅವಲೋಕನವೆಂದೇ ವರದಿಯಲ್ಲಿ ಸೇರಿಸಿ.